ಕತ್ತಲಲ್ಲಿ ಕವಿತೆ: ಗಾಥಿಕ್ ಕ್ಯಾಬರೆ ಸಂಜೆಗೆ ಹೋಗಿ ಬಂದೆ, ಕನ್ನಡದಲ್ಲೂ ಒಂದು ಮಾಡೋಣವಾ?

ಅರಸೀಕೆರೆಯವಳು

ಎಲ್ಲರಿಗೂ ನಮಸ್ಕಾರ. ನಾನು ಮ್ಯೂನಿಕ್‌ಗೆ ಬಂದು ಆರು ವರ್ಷವಾಯಿತು. ಹೋದ ವಾರ ಇಲ್ಲೊಂದು ನೆಲಮಾಳಿಗೆಯಲ್ಲಿ ಗಾಥಿಕ್, ಅಂದರೆ ಸಾವು, ಕತ್ತಲು, ಹೆದರಿಕೆಯ ಸುತ್ತ ಹೆಣೆದ, ಕವಿತೆ ಮತ್ತು ಕ್ಯಾಬರೆ ಸಂಜೆ ನಡೆಯಿತು. ಜೊತೆಗೆ ಕೆಲಸ ಮಾಡುವವಳೊಬ್ಬಳು ಟಿಕೆಟ್ ಒಂದು ಜಾಸ್ತಿ ಇದೆ, ಬಾ ಅಂದಳು. ಹೋದೆ. ಆವತ್ತಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ.

ಒಂದೇ ಒಂದು ಗಳಿಗೆಯ ಬಗ್ಗೆ ಹೇಳುತ್ತೇನೆ. ಕಡಿದಾದ ಮೆಟ್ಟಿಲು ಇಳಿದರೆ ಇಟ್ಟಿಗೆಯ ಕಮಾನು, ನಲವತ್ತು ಕುರ್ಚಿ. ಗೋಡೆ ತುಂಬಾ ಪ್ಲಾಸ್ಟಿಕ್ ತಲೆಬುರುಡೆ, ಜೇಡರ ಬಲೆ, ಮೂಲೆಯಲ್ಲಿ ಹೊಗೆ ಬಿಡುವ ಯಂತ್ರ. ಮೊದಲ ಅರ್ಧ ಗಂಟೆ ನೋಡಲು ಚೆನ್ನಾಗಿತ್ತು, ಅಷ್ಟೇ. ಆಮೇಲೆ ಹೊಗೆ ನಿಂತಿತು. ದೀಪವೆಲ್ಲ ಆರಿತು. ಒಬ್ಬ ಹೆಂಗಸು ಬಂದು ನಿಂತಳು. ಕುತ್ತಿಗೆವರೆಗೂ ಮುಚ್ಚಿದ ಕಪ್ಪು ಉಡುಪು, ಸುಮ್ನೆ ಇಳಿಬಿಟ್ಟ ಎರಡು ಕೈ, ಗಲ್ಲದ ಕೆಳಗಿನಿಂದ ಒಂದು ಸಣ್ಣ ನೇರಳೆ ಬೆಳಕು. ತೀರಿಹೋದ ತಂಗಿಯ ಬಾಚಣಿಗೆಯ ಮೇಲೆ ಒಂದು ಕವಿತೆ ಹೇಳಿದಳು. ಬಾಚಣಿಗೆಯ ಹಲ್ಲುಗಳ ನಡುವೆ ಇನ್ನೂ ಕೂದಲಿದೆ, ತೆಗೆಯಬೇಕೋ ಬೇಡವೋ. ಕವಿತೆಯಲ್ಲಿ ಇದ್ದದ್ದು ಅಷ್ಟೇ. ಕೊನೆಯ ಸಾಲಿಗೆ ಮುಂಚೆ ಮೇಲೆ ರಸ್ತೆಯಲ್ಲಿ ಟ್ರಾಮ್ ಬಂತು. ನನ್ನ ಮುಂದಿನ ಲೋಟದ ನೀರು ನಡುಗಿತು. ಅವಳು ಟ್ರಾಮ್ ದಾಟಿ ಹೋಗುವ ತನಕ ಕಾದಳು. ಆಮೇಲೆ ತುಂಬಾ ಮೆಲ್ಲಗೆ ಆ ಸಾಲು ಹೇಳಿದಳು. ಮೈ ಜುಮ್ಮೆಂದಿತು. ನಮ್ಮ ಅಜ್ಜಿ ಹೋದಾಗ ಅವರ ಮರದ ಹಣಿಗೆಯನ್ನು ಅಮ್ಮ ಒಂದು ವರ್ಷ ತೊಳೆಯಲಿಲ್ಲ. ಅದು ನೆನಪಾಗಿ ಕಣ್ಣೀರು ಬಂತು.

ಮನೆಗೆ ಬಂದು ಓದಿದೆ. ಆ ಕಪ್ಪು ಉಡುಪು, ನೇರಳೆ ಬೆಳಕು, ಅಲುಗಾಡದ ಕೈ ಎಲ್ಲಾ ಇದೇ ಊರಿನ ಹಳೆಯ ನೆನಪುಗಳಂತೆ. 1901ರ ಏಪ್ರಿಲ್ 13ರಂದು ಇಲ್ಲಿನ ಟ್ಯೂರ್ಕನ್ ಬೀದಿಯ ಒಂದು ಹೋಟೆಲಿನ ಹಿಂದಿನ ಕೋಣೆಯಲ್ಲಿ 'ಹನ್ನೊಂದು ಜನ ತಲೆಕಡುಕರು' ಎಂಬ ಕ್ಯಾಬರೆ ಶುರುವಾಯಿತು. ಜರ್ಮನ್‌ನಲ್ಲಿ 'ಎಲ್ಫ್ ಶಾರ್ಫ್‌ರಿಖ್ಟರ್'. ಕೆಂಪು ನಿಲುವಂಗಿ ತೊಟ್ಟು, ಕೊಡಲಿ ಹಿಡಿದು, ಹಾಡುತ್ತಾ ಬರುತ್ತಿದ್ದರು. ವಿಗ್ಗು ಹಾಕಿದ ಒಂದು ತಲೆಬುರುಡೆಗೆ ಕೊಡಲಿ ನೆಟ್ಟು ಇಟ್ಟಿದ್ದರು. ಕೋಣೆಯಲ್ಲಿ ಹಿಡಿಯುತ್ತಿದ್ದದ್ದು ಹೆಚ್ಚೆಂದರೆ ಸುಮಾರು ನೂರು ಜನ. ಅಲ್ಲಿ ಮಾರ್ಯಾ ಡೆಲ್ವಾರ್ ಎಂಬ ಗಾಯಕಿ ಉದ್ದನೆಯ ಕಪ್ಪು ಉಡುಪಿನಲ್ಲಿ, ಬಿಳಿಚಿದ ಮುಖದಲ್ಲಿ, ನೇರಳೆ ಬೆಳಕಿನಲ್ಲಿ ಅಲುಗಾಡದೆ ನಿಂತು ಹಾಡುತ್ತಿದ್ದಳು. ಅಂದರೆ ನಾನು ನೋಡಿದ್ದು ನೂರಿಪ್ಪತ್ತು ವರ್ಷ ದಾಟಿ ಬಂದ ಭಂಗಿ!

ಈಗ ಆಸೆ ಏನೆಂದರೆ, ಈ ಚಳಿಗಾಲದಲ್ಲಿ ಇಲ್ಲಿನ ಕನ್ನಡದವರು ಮೂವತ್ತು ಜನ ಸೇರಿ ಕನ್ನಡದಲ್ಲಿ ಇಂಥದ್ದೊಂದು ಸಂಜೆ ಮಾಡಬೇಕು. ನನಗೆ ರಂಗಭೂಮಿಯ ಅನುಭವ ಇಲ್ಲ. ಏನು ಓದಬೇಕು, ದೀಪ ಹೇಗೆ ಇಡಬೇಕು, ಏನು ಮಾಡಬಾರದು, ಎಲ್ಲಾ ಹೇಳಿಕೊಡಿ.

ಹಳೇ ಓದುಗ

ತಾಯಿ, ಕ್ಯಾಬರೆ ಎಂದ ಕೂಡಲೇ ನಮ್ಮ ಕಾಲದವರಿಗೆ ಕಣ್ಣ ಮುಂದೆ ಬರುವುದು ಎಪ್ಪತ್ತರ ದಶಕದ ಸಿನಿಮಾದ ಕುಣಿತ. ಮಿಣಮಿಣ ಬಟ್ಟೆ, ಖಳನಾಯಕನ ಕೈಯಲ್ಲಿ ಗ್ಲಾಸು. ಕರೆಯೋಲೆಯಲ್ಲಿ ಆ ಪದ ಹಾಕಿದರೆ ಹಿರಿಯರು ಮನೆಯಲ್ಲೇ ಉಳಿಯುತ್ತಾರೆ. ಮೊದಲು ಅದರ ಅರ್ಥ ಬಿಡಿಸಿ ಹೇಳಿ.

ಫ್ರೆಂಚ್ ಮೇಷ್ಟ್ರು

ಹಳೇ ಓದುಗ ಸರ್ ಹೇಳಿದ್ದು ಸರಿ. ಅದಕ್ಕೆ ನಾನು ಬಿಡಿಸಿ ಹೇಳುತ್ತೇನೆ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷದಿಂದ ಫ್ರೆಂಚ್ ಕಲಿಸುತ್ತಿದ್ದೇನೆ, ಇದು ನನಗೆ ತುಂಬಾ ಹತ್ತಿರದ ವಿಷಯ.

ಕ್ಯಾಬರೆ ಎಂದರೆ ಫ್ರೆಂಚ್‌ನಲ್ಲಿ ಮೂಲತಃ ಹೆಂಡದಂಗಡಿ, ಅಷ್ಟೇ. ಅದು ಕಲೆಯ ಜಾಗ ಆದದ್ದು ಕವಿಗಳಿಂದ. 1878ರಲ್ಲಿ ಎಮಿಲ್ ಗೂಡೋ ಎಂಬ ಕವಿ ಪ್ಯಾರಿಸ್‌ನಲ್ಲಿ 'ಇದ್ರೋಪಾತ್' ಎಂಬ ಗುಂಪು ಕಟ್ಟಿದ. ಕವಿಗಳು ತಮ್ಮ ಕವಿತೆಗಳನ್ನು ತಾವೇ ಎದ್ದು ನಿಂತು ಹೇಳಬೇಕು, ಹಾಡಬೇಕು ಎಂಬುದು ಅಲ್ಲಿನ ರೂಢಿ. 1881ರ ನವೆಂಬರ್‌ನಲ್ಲಿ ರೊಡಾಲ್ಫ್ ಸಾಲಿಸ್ ಎಂಬಾತ ಮೊಂಮಾರ್ತ್ರ್ ಗುಡ್ಡದ ಬುಡದಲ್ಲಿ 'ಶಾ ನ್ವಾರ್' ತೆರೆದ. ಕಪ್ಪು ಬೆಕ್ಕು ಎಂದರ್ಥ. ಗೂಡೋ ತನ್ನ ಕವಿಗಳ ದಂಡನ್ನೇ ಅಲ್ಲಿಗೆ ಕರೆದುಕೊಂಡು ಬಂದ. ಆಧುನಿಕ ಕ್ಯಾಬರೆಯ ತೊಟ್ಟಿಲು ಅದೇ. ಕವಿತೆ, ಹಾಡು, ಪಿಯಾನೊ, ನೆರಳಾಟ, ತಮಾಷೆ ಎಲ್ಲಾ ಒಂದೇ ಸೂರಿನಡಿ. ಸಂಗೀತಗಾರ ಎರಿಕ್ ಸಾಟಿ ಅಲ್ಲಿ ಪಿಯಾನೊ ನುಡಿಸುತ್ತಿದ್ದ.

ಮೇಡಂ, ನಿಮ್ಮ ಆ ಕಪ್ಪು ಉಡುಪಿನ ಹೆಂಗಸಿನ ಬಗ್ಗೆ ಓದಿದಾಗ ನನಗೆ ನೆನಪಾದದ್ದು ಮೊರಿಸ್ ರೊಲಿನಾ. 1846ರಲ್ಲಿ ಶಾಟೊರೂ ಊರಿನಲ್ಲಿ ಹುಟ್ಟಿದವನು. ಪ್ಯಾರಿಸ್‌ನಲ್ಲಿ ಸರ್ಕಾರಿ ಕಚೇರಿಯ ಸಣ್ಣ ಕೆಲಸ. ರಾತ್ರಿ ಪಿಯಾನೊ ಮುಂದೆ ಕೂತು ಸಾವು, ಹೆಣ, ಹುಚ್ಚು, ದೆವ್ವ ಇವುಗಳ ಕವಿತೆಗಳನ್ನು ತಾನೇ ರಾಗ ಹಾಕಿ ಹಾಡುತ್ತಿದ್ದ. ಫ್ರೆಂಚ್ ಕವಿ ಬೋದಲೇರನ ಕವಿತೆಗಳಿಗೂ ರಾಗ ಕಟ್ಟಿದ್ದ. ಬಿಳಿಚಿದ ಮುಖ, ಕೆದರಿದ ಕೂದಲು. ಕೇಳಿದವರು ಬೆಚ್ಚಿಬೀಳುತ್ತಿದ್ದರು. 1882ರಲ್ಲಿ ಹೆಸರಾಂತ ನಟಿ ಸಾರಾ ಬೆರ್ನಾರ್ ಅವನನ್ನು ಮನೆಗೆ ಕರೆಸಿ ಹಾಡಿಸಿದಳು. ರಾತ್ರೋರಾತ್ರಿ ಊರೆಲ್ಲ ಅವನದೇ ಮಾತು. ಮಾರನೆಯ ವರ್ಷ ಪುಸ್ತಕ ಬಂತು. ಆಗ ಹಲವರಿಗೆ ನಿರಾಸೆ ಆಯಿತು. ಅದೇ ಕವಿತೆ, ಅದೇ ಪದ. ದನಿ ಇಲ್ಲ, ಪಿಯಾನೊ ಇಲ್ಲ. ಅದೇ 1883ರಲ್ಲಿ ರೊಲಿನಾ ಪ್ಯಾರಿಸ್ ಬಿಟ್ಟು ಫ್ರೆಸಲಿನ್ ಎಂಬ ಹಳ್ಳಿಗೆ ಹೋಗಿಬಿಟ್ಟ. ಚಿತ್ರಕಾರ ಮೊನೆ 1889ರಲ್ಲಿ ಅಲ್ಲಿಗೆ ಹೋಗಿ ಆ ಕಣಿವೆಯ ಚಿತ್ರಗಳನ್ನು ಬರೆದ. ರೊಲಿನಾ ಮತ್ತೆ ಆ ರಾತ್ರಿಗಳಿಗೆ ಮರಳಲಿಲ್ಲ.

ಇಂಥ ಕವಿತೆಯ ಅರ್ಧ ಜೀವ ಗಂಟಲಲ್ಲಿರುತ್ತದೆ ಎಂದು ನಾನು ನಂಬಿದ್ದೇನೆ. ನಿಮ್ಮ ಸಂಜೆಗೆ ಮೊದಲು ಹುಡುಕಬೇಕಾದದ್ದು ದನಿಯನ್ನು. ತಲೆಬುರುಡೆ ಆಮೇಲೆ.

ದೀಪದ ಕಂಬ

ಮೇಷ್ಟ್ರ ಮಾತಿಗೆ ಸ್ವಲ್ಪ ತಕರಾರಿದೆ. ನಾನು ಮೈಸೂರಿನಲ್ಲಿ ಹವ್ಯಾಸಿ ತಂಡಗಳಿಗೆ ಬೆಳಕು ಮಾಡುವವನು. ಜಾಗವೂ ಮಾತಾಡುತ್ತದೆ ಸರ್. ಅದನ್ನು ಕೀಳು ಮಾಡಬೇಡಿ.

1892ರಲ್ಲಿ ಪ್ಯಾರಿಸ್‌ನ ಕ್ಲಿಶಿ ಬುಲೆವಾರ್‌ನಲ್ಲಿ 'ಕ್ಯಾಬರೆ ದ್ಯು ನೇಆಂ' ತೆರೆಯಿತು. ಶೂನ್ಯದ ಕ್ಯಾಬರೆ ಎನ್ನಬಹುದು. ಅಲ್ಲಿ ಟೇಬಲ್ ಬದಲು ಶವಪೆಟ್ಟಿಗೆ. ಮೇಲೆ ಮೂಳೆಗಳಿಂದ ಮಾಡಿದ ದೀಪಗುಚ್ಛ. ಬಡಿಸುವವರು ಹೆಣ ಹೊರುವವರ ವೇಷದಲ್ಲಿ. ಕುಡಿಯುವುದಕ್ಕೆ ಕಾಲರಾ ಮುಂತಾದ ರೋಗಗಳ ಹೆಸರು. ಅಲ್ಲಿಂದ ಮುಂದಿನ ಕೋಣೆಗೆ ಕರೆದೊಯ್ಯುತ್ತಿದ್ದರು. ನೋಡಲು ಬಂದವರಲ್ಲೇ ಒಬ್ಬರು ಎದ್ದು ಹೋಗಿ ನೆಟ್ಟಗೆ ನಿಲ್ಲಿಸಿದ ಪೆಟ್ಟಿಗೆಯೊಳಗೆ ನಿಲ್ಲಬೇಕು. ಬಿಳಿ ಬಟ್ಟೆ ಹೊದಿಸುತ್ತಾರೆ. ಎಲ್ಲರ ಕಣ್ಣೆದುರೇ ಆ ಮನುಷ್ಯ ಕರಗಿ ಅಸ್ಥಿಪಂಜರವಾಗುತ್ತಾನೆ. ಮತ್ತೆ ಮನುಷ್ಯನಾಗುತ್ತಾನೆ.

ಹೇಗೆ ಅಂತೀರಾ? ನೋಡುವವರಿಗೂ ಪೆಟ್ಟಿಗೆಗೂ ನಡುವೆ ಓರೆಯಾಗಿ ಒಂದು ದೊಡ್ಡ ಗಾಜು ಇರುತ್ತದೆ. ಕತ್ತಲಲ್ಲಿ ಅದು ಕಾಣುವುದಿಲ್ಲ. ಪಕ್ಕದಲ್ಲಿ, ಮರೆಯಲ್ಲಿ, ಇನ್ನೊಂದು ಪೆಟ್ಟಿಗೆ. ಅದರೊಳಗೆ ಅಸ್ಥಿಪಂಜರ. ಮನುಷ್ಯನ ಮೇಲಿನ ಬೆಳಕನ್ನು ನಿಧಾನಕ್ಕೆ ಇಳಿಸುತ್ತಾ, ಅಸ್ಥಿಪಂಜರದ ಮೇಲಿನ ಬೆಳಕನ್ನು ಅದೇ ವೇಗದಲ್ಲಿ ಏರಿಸುತ್ತಾ ಬಂದರೆ ಗಾಜಿನಲ್ಲಿ ಅದರ ಬಿಂಬ ಮೂಡುತ್ತದೆ. ರಾತ್ರಿ ಬಸ್ಸಿನ ಕಿಟಕಿಯಲ್ಲಿ ಒಳಗಿನ ಮುಖವೂ ಹೊರಗಿನ ಮರವೂ ಒಂದರ ಮೇಲೊಂದು ಕಾಣುತ್ತದಲ್ಲ, ಅದೇ. ಇದಕ್ಕೆ ಪೆಪ್ಪರ್ ಭೂತ ಎಂದು ಹೆಸರು. ಹೆನ್ರಿ ಡರ್ಕ್ಸ್ ಯೋಚಿಸಿದ ಉಪಾಯವನ್ನು ಜಾನ್ ಹೆನ್ರಿ ಪೆಪ್ಪರ್ ತಿದ್ದಿ, 1862ರ ಡಿಸೆಂಬರ್ 24ರಂದು ಲಂಡನ್ನಿನಲ್ಲಿ ಡಿಕನ್ಸ್‌ನ ಒಂದು ಕತೆಯ ಜೊತೆ ತೋರಿಸಿದ.

ಅದಕ್ಕೂ ಮುಂಚೆ, 1799ರಲ್ಲಿ, ಪ್ಯಾರಿಸ್‌ನಲ್ಲೇ ರೊಬೆರ್ಟ್‌ಸನ್ ಎಂಬಾತ ಪಾಳುಬಿದ್ದ ಕ್ರೈಸ್ತ ಮಠವೊಂದರಲ್ಲಿ ದೆವ್ವಗಳ ಪ್ರದರ್ಶನ ನಡೆಸಿದ. ದೀಪ ಆರಿಸಿ, ಚಿತ್ರ ಬೀಳಿಸುವ ಲಾಂದ್ರವನ್ನು ಗಾಲಿಯ ಮೇಲಿಟ್ಟು ಪರದೆಯ ಹಿಂದೆ, ಪರದೆಯಿಂದ ದೂರಕ್ಕೆ ಎಳೆಯುತ್ತಿದ್ದ. ಚಿತ್ರ ದೊಡ್ಡದಾಗುತ್ತಾ ಹೋಗಿ, ದೆವ್ವ ತಮ್ಮ ಮೈಮೇಲೇ ಬರುತ್ತಿದೆ ಎಂದು ಜನ ಹೆದರುತ್ತಿದ್ದರು. ಹಿಂದೆ ಗಾಜಿನ ಬಟ್ಟಲುಗಳ ವಾದ್ಯ. ಕೈಯಲ್ಲಿ ಕೆಲಸ ಇದ್ದವನು ಮಾಡಿದ ಹೆದರಿಕೆ ಅದು. ಅದಕ್ಕೆ ನನ್ನ ಗೌರವ ಇದೆ.

ಫ್ರೆಂಚ್ ಮೇಷ್ಟ್ರು

ಕಂಬ ಅವರೇ, ನಿಮ್ಮ ಕಸುಬಿನ ಬಗ್ಗೆ ನನಗೂ ಗೌರವ ಇದೆ. ಆದರೆ ಒಂದು ಕೇಳಲೇ? ನೇಆಂಗೆ ಹೋಗಿ ಬಂದವರು ಶವಪೆಟ್ಟಿಗೆಯ ಬಗ್ಗೆ ಬರೆದಿದ್ದಾರೆ, ಗಾಜಿನ ಬಗ್ಗೆ ಬರೆದಿದ್ದಾರೆ. ಅಲ್ಲಿ ಕೇಳಿದ ಒಂದು ಕವಿತೆಯನ್ನು ಯಾರಾದರೂ ಮನಸ್ಸಲ್ಲಿಟ್ಟುಕೊಂಡು ಬಂದರಾ? ಕಪ್ಪು ಬೆಕ್ಕಿನಿಂದ ಕವಿತೆ ಹೊರಗೆ ಬಂತು. ನೇಆಂನಿಂದ ಟೇಬಲ್ಲಿನ ಕತೆ ಮಾತ್ರ ಬಂತು.

ದೀಪದ ಕಂಬ

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ ಸರ್. ಯೋಚಿಸುತ್ತೇನೆ.

ಕರಾವಳಿ ಹುಡುಗ

ಅಕ್ಕ, ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕನ್ನಡದಲ್ಲಿ ಗಾಥಿಕ್ ಅಂದ ತಕ್ಷಣ ಯಾರಾದರೂ ಒಬ್ಬರು ಭೂತ ಕೋಲದಲ್ಲಿ ಬೆನ್ನಿಗೆ ಕಟ್ಟುವ ಅಣಿ, ಮುಖವರ್ಣಿಕೆ, ದೊಂದಿ ತರೋಣ ಎನ್ನುತ್ತಾರೆ. ದಯವಿಟ್ಟು ಬೇಡ. ನಮ್ಮ ಮನೆಯ ದೈವಕ್ಕೆ ವರ್ಷಕ್ಕೊಮ್ಮೆ ಕೋಲ ನಡೆಯುತ್ತದೆ. ಅದು ಹೆದರಿಸಲು ಇರುವುದಲ್ಲ. ನಮ್ಮ ಅಪ್ಪ ಅಲ್ಲಿ ಕೈಮುಗಿದು ನಿಂತು ಜಮೀನಿನ ತಂಟೆ ಹೇಳಿಕೊಳ್ಳುತ್ತಾರೆ, ತಂಗಿಯ ಮದುವೆ ವಿಷಯ ಕೇಳುತ್ತಾರೆ. ದೈವ ನುಡಿ ಕೊಡುತ್ತದೆ. ಕಟ್ಟುವವರ ಮನೆತನ ಇದೆ, ವ್ರತ ಇದೆ. ಮ್ಯೂನಿಕ್‌ನ ನೆಲಮಾಳಿಗೆಯಲ್ಲಿ ಅದನ್ನು ವೇಷ ಮಾಡಿದರೆ ನಮಗೆ ನೋವಾಗುತ್ತದೆ.

ಹೆದರಿಕೆ ಬೇಕಾದರೆ ನಮ್ಮಲ್ಲಿ ಬೇರೆ ಬೇಕಾದಷ್ಟಿದೆ. ಮಳೆಗಾಲದ ರಾತ್ರಿ ಕರೆಂಟು ಹೋದಾಗ ಹಂಚಿನ ಮೇಲೆ ತೆಂಗಿನಗರಿ ಎಳೆಯುವ ಸದ್ದು ಸಾಕು.

ಅರಸೀಕೆರೆಯವಳು

ತಮ್ಮಾ, ಬೇಜಾರು ಏಕೆ? ನನ್ನ ತಲೆಯಲ್ಲೂ ದೊಂದಿಯ ಯೋಚನೆ ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಕೈಬಿಟ್ಟೆ. ಆ ತೆಂಗಿನಗರಿಯ ಸದ್ದು ಮಾತ್ರ ಕೊಡಿ. ಊರಿಗೆ ಹೋದಾಗ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತೀರಾ?

ಕರಾವಳಿ ಹುಡುಗ

ಖಂಡಿತ ಅಕ್ಕ.

ಲೈಪ್‌ಜಿಗ್ ಸೈಕಲ್

ನಾನು ಲೈಪ್‌ಜಿಗ್‌ನಲ್ಲಿ ಓದುತ್ತಿದ್ದೇನೆ. ಇಲ್ಲಿ 1992ರಿಂದ ಪ್ರತಿ ವರ್ಷ ಪೆಂಟಕಾಸ್ಟ್ ಹಬ್ಬದ ರಜೆಯಲ್ಲಿ 'ವೇವ್ ಗೋಟಿಕ್ ಟ್ರೆಫನ್' ಎಂಬ ಜಾತ್ರೆ ಸೇರುತ್ತದೆ. ಸುಮಾರು 20,000 ಜನ. ಟ್ರಾಮ್ ತುಂಬಾ ಕಪ್ಪು ಲೇಸು, ಎತ್ತರದ ಟೋಪಿ, ಕಪ್ಪು ಛತ್ರಿ. ಉದ್ಯಾನದಲ್ಲಿ ಹಳೇ ಕಾಲದ ಉಡುಪು ಹಾಕಿಕೊಂಡು ಚಾಪೆ ಹಾಸಿ ಕೂತು ತಿಂಡಿ ತಿನ್ನುತ್ತಾರೆ. ಮೊದಲ ಸಲ ನೋಡಿದಾಗ ನನಗೆ ಸ್ವಲ್ಪ ಹೆದರಿಕೆ ಆಗಿತ್ತು. ಆಮೇಲೆ ಸೈಕಲ್ಲಿನ ಚೈನು ಕಳಚಿ ಒದ್ದಾಡುತ್ತಿದ್ದಾಗ ಮೊಳೆ ಪಟ್ಟಿ ಹಾಕಿದ್ದ ಒಬ್ಬ ದೊಡ್ಡ ಮನುಷ್ಯ ಬಂದು ಕೈಯೆಲ್ಲ ಎಣ್ಣೆ ಮಾಡಿಕೊಂಡು ಸರಿ ಮಾಡಿಕೊಟ್ಟ. ಅಷ್ಟು ಮೆತ್ತಗಿನ ಜನ ಅವರು. ದುಃಖವನ್ನು ಮುಚ್ಚಿಡದೆ ಬಟ್ಟೆಯ ಹಾಗೆ ಹೊರಗೆ ತೊಟ್ಟುಕೊಳ್ಳುತ್ತಾರೆ ಅನಿಸಿತು. ಅದಕ್ಕೇ ಅಕ್ಕ, ಇದನ್ನು ಹ್ಯಾಲೋವೀನ್ ಪಾರ್ಟಿ ಮಾಡಬೇಡಿ.

ಇನ್ನೊಂದು ವಿಷಯ. ಮೇಷ್ಟ್ರು ದನಿ ಎಂದರಲ್ಲ, ಜ್ಯೂರಿಕ್‌ನ ಕ್ಯಾಬರೆ ವೋಲ್ಟೇರ್ ನೋಡಲು ಹೋಗಿದ್ದೆ. 1916ರ ಫೆಬ್ರವರಿ 5ರಂದು ಹ್ಯೂಗೊ ಬಾಲ್ ಮತ್ತು ಎಮ್ಮಿ ಹೆನ್ನಿಂಗ್ಸ್ ಶುರು ಮಾಡಿದ ಜಾಗ. ಹೊರಗೆ ಮೊದಲ ಮಹಾಯುದ್ಧ. ಆ ವರ್ಷ ಜೂನ್‌ನಲ್ಲಿ ಬಾಲ್ ಗಟ್ಟಿ ರಟ್ಟಿನ ಉಡುಪು ಹಾಕಿಕೊಂಡು ಪದಗಳೇ ಇಲ್ಲದ, ಬರೀ ಸದ್ದಿನ ಕವಿತೆ ಓದಿದ. ಉಡುಪು ಎಷ್ಟು ಬಿಗಿಯಾಗಿತ್ತೆಂದರೆ ನಡೆಯಲು ಆಗದೆ ಅವನನ್ನು ಕತ್ತಲಲ್ಲಿ ಎತ್ತಿಕೊಂಡು ಬಂದು ವೇದಿಕೆ ಮೇಲೆ ನಿಲ್ಲಿಸಿದರು. ಓದುತ್ತಾ ಹೋದಂತೆ ತನ್ನ ದನಿ ತಾನಾಗಿ ಚರ್ಚಿನ ಪಾದ್ರಿಯ ಹಳೆಯ ರಾಗಕ್ಕೆ ತಿರುಗಿತು ಎಂದು ಅವನು ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಬೆವೆತು ಹೋದ ಅವನನ್ನು ಮತ್ತೆ ಎತ್ತಿಕೊಂಡೇ ಕೆಳಗಿಳಿಸಿದರು. ಅವನ ಚಿಕ್ಕಂದಿನ ದೇವರ ಹಾಡು ಅಲ್ಲಿ ಬಂದು ಬಾಯಲ್ಲಿ ಕೂತಿತ್ತು.

ಹಳೇ ಓದುಗ

ಈ ಕೊನೆಯ ಮಾತು ಓದಿ ನಾನು ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಾನು ಶಿವಮೊಗ್ಗದವನು. ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಎಳೆಯರಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಗಮಕದಲ್ಲಿ ಒಬ್ಬರು ಕಾವ್ಯವನ್ನು ರಾಗದಲ್ಲಿ ವಾಚನ ಮಾಡುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ತಾಳ ಇಲ್ಲ. ಮಾತಿನ ಅರ್ಥ ಕೆಡಿಸುವಂತೆ ರಾಗ ಎಳೆಯಬಾರದು. ನಮ್ಮ ಮನೆಯ ಜಗುಲಿಯಲ್ಲಿ ನಮ್ಮ ದೊಡ್ಡಪ್ಪ ಲಾಟೀನು ಇಟ್ಟುಕೊಂಡು ಓದುತ್ತಿದ್ದರು. ನಾನು ಆರೇಳು ವರ್ಷದವನು. ಲಾಟೀನಿನ ಗಾಜು ಒಂದು ಕಡೆ ಮಸಿ ಹಿಡಿದಿತ್ತು. ಹಾಗಾಗಿ ದೊಡ್ಡಪ್ಪನ ಅರ್ಧ ಮುಖ ಮಾತ್ರ ಕಾಣುತ್ತಿತ್ತು. ಯುದ್ಧ ಮುಗಿಯುತ್ತಾ ಬಂದಾಗ ದುರ್ಯೋಧನ ಹೆಣಗಳ ನಡುವೆ ನಡೆದು ಹೋಗುವ ಭಾಗ. ರನ್ನನ ಗದಾಯುದ್ಧದ್ದು. ನೆತ್ತರಿನಲ್ಲಿ ಕಾಲು ಜಾರುತ್ತದೆ. ದ್ರೋಣ ಬಿದ್ದಿದ್ದಾನೆ. ದುಶ್ಶಾಸನ ಬಿದ್ದಿದ್ದಾನೆ. ಕರ್ಣ ಬಿದ್ದಿದ್ದಾನೆ. ಒಬ್ಬೊಬ್ಬರ ಮುಂದೆಯೂ ನಿಂತು ಅಳುತ್ತಾನೆ. ಹಳಗನ್ನಡ ನನಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಆದರೂ ಆವತ್ತು ರಾತ್ರಿ ನಾನು ಅಮ್ಮನ ಸೆರಗು ಬಿಡಲಿಲ್ಲ.

ತಾಯಿ, ರನ್ನ ಸಾವಿರ ವರ್ಷದ ಹಿಂದಿನವನು. ರಣರಂಗ, ಹೆಣ, ಅದರ ನಡುವೆ ಸಂಜಯನ ಜೊತೆ ನಡೆಯುವ ಅರಸ. ನಿಮ್ಮ ಸಂಜೆಗೆ ಇದಕ್ಕಿಂತ ಏನು ಬೇಕು? ಒಬ್ಬರು ಓದಲಿ, ಒಬ್ಬರು ಅರ್ಥ ಹೇಳಲಿ. ಅರ್ಥ ಹೇಳುವ ದನಿ ಕತ್ತಲಲ್ಲಿ, ಜನರ ಹಿಂದಿನಿಂದ ಬರಲಿ.

ಅರಸೀಕೆರೆಯವಳು

ಸರ್, ಇದನ್ನು ಓದಿ ಇಲ್ಲಿ ಆಫೀಸಿನಲ್ಲೇ ಕೂತು ಅತ್ತೆ. ಖಂಡಿತ ಇದೇ. ಬೇರೆ ಹುಡುಕುವುದೇ ಇಲ್ಲ.

ದೀಪದ ಕಂಬ

ಜನರ ಹಿಂದಿನಿಂದ ದನಿ! ಅದ್ಭುತ ಯೋಚನೆ ಸರ್. ಮೇಷ್ಟ್ರೇ, ನಿಮ್ಮ ಪ್ರಶ್ನೆಗೂ ಉತ್ತರ ಸಿಕ್ಕಿತು. ದೊಡ್ಡಪ್ಪನವರ ಲಾಟೀನಿನ ಮಸಿ. ಅದು ಯಾರೂ ಯೋಚಿಸಿ ಮಾಡಿದ್ದಲ್ಲ, ಆದರೆ ಕೆಲಸ ಮಾಡಿದ್ದು ಅದೇ. ಬೆಳಕು ಅರ್ಧ ಮುಖವನ್ನು ಬಿಟ್ಟುಕೊಟ್ಟಿತು, ಉಳಿದದ್ದನ್ನು ದನಿ ತುಂಬಿತು. ಬೆಳಕಿನವನ ಕೆಲಸ ಅಷ್ಟೇ ಎಂದು ಈಗ ಒಪ್ಪುತ್ತೇನೆ.

ಹಾಗಾದರೆ ಹೀಗೆ ಮಾಡಿ. ಓದುವವರ ಎಡಗಡೆ, ಮೊಣಕಾಲಿನ ಎತ್ತರದಲ್ಲಿ ಒಂದೇ ಒಂದು ಬಲ್ಬು. ಹಳದಿ ಬಣ್ಣದ್ದು, ಬಿಳಿ ಬೇಡ. ಡಿಮ್ಮರ್ ಇರಲಿ. ಬಲ್ಬಿನ ಒಂದು ಪಕ್ಕಕ್ಕೆ ಕಪ್ಪು ರಟ್ಟು ನಿಲ್ಲಿಸಿ, ತಾಗಿಸಬೇಡಿ. ಕಾಗದಕ್ಕೆ ಬೇರೆ ಬೆಳಕು ಬೇಕಾಗುತ್ತದೆ. ಇಲ್ಲದಿದ್ದರೆ ಓದುವವರು ತಡವರಿಸುತ್ತಾರೆ. ಪುಸ್ತಕಕ್ಕೆ ಸಿಕ್ಕಿಸುವ ಸಣ್ಣ ದೀಪಕ್ಕೆ ಎರಡು ಪದರ ಕಂದು ಕಾಗದ ಸುತ್ತಿ. ಕಣ್ಣು ಕತ್ತಲಿಗೆ ಹೊಂದಲು ಹೊತ್ತು ಹಿಡಿಯುತ್ತದೆ. ಅದಕ್ಕೆ ಜನ ಬಂದ ಕೂಡಲೇ ಶುರು ಮಾಡಬೇಡಿ. ಹತ್ತು ನಿಮಿಷ ಮಂದ ಬೆಳಕಿನಲ್ಲಿ ಕೂರಿಸಿ. ಎಲ್ಲರ ಫೋನನ್ನೂ ಬಾಗಿಲಲ್ಲೇ ಒಂದು ಬುಟ್ಟಿಗೆ ಹಾಕಿಸಿ. ಕತ್ತಲಲ್ಲಿ ಒಂದು ಫೋನು ಬೆಳಗಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ನೆರಳಾಟವೂ ಬೇಕಿದ್ದರೆ ಕಪ್ಪು ಬೆಕ್ಕಿನ ಕತೆ ಕೇಳಿ. ಆನ್ರಿ ರಿವಿಯೇರ್ ಎಂಬ ಹುಡುಗ, ಒಬ್ಬರು ಪೊಲೀಸರ ಮೇಲಿನ ಹಾಡು ಹಾಡುತ್ತಿದ್ದಾಗ, ಅಲ್ಲಿದ್ದ ಗೊಂಬೆಯಾಟದ ಕಿಂಡಿಗೆ ಒಂದು ಬಿಳಿ ಕೈವಸ್ತ್ರ ಕಟ್ಟಿದ. ಹಿಂದೆ ದೀಪ ಇಟ್ಟ. ರಟ್ಟಿನಲ್ಲಿ ಕತ್ತರಿಸಿದ ಪೊಲೀಸರನ್ನು ಸಾಲಾಗಿ ದಾಟಿಸಿದ. ಅಲ್ಲಿಂದ ಶುರುವಾದದ್ದು 1897ರವರೆಗೆ ನಡೆಯಿತು. ಆಮೇಲೆ ರಟ್ಟು ಹೋಗಿ ಸತುವಿನ ತಗಡು ಬಂತು. ನಮ್ಮ ತೊಗಲುಗೊಂಬೆಯವರು ಮೇಕೆಯ ಚರ್ಮ ಹದ ಮಾಡಿ, ಬೆಳಕು ಹಾಯುವಂತೆ ತೆಳ್ಳಗೆ ಮಾಡಿ ಬಣ್ಣ ಹಚ್ಚುತ್ತಾರೆ. ಆದ್ದರಿಂದ ನಮ್ಮದು ಬಣ್ಣದ ನೆರಳು, ಅವರ ತಗಡಿನದು ಕಪ್ಪು ನೆರಳು. ಇಬ್ಬರ ಪರದೆಯ ಹಿಂದೆಯೂ ಒಂದು ದೀಪ, ಮುಂದೆ ಒಂದು ಹಾಡು.

ರಾತ್ರಿಪಾಳಿ

ನಾನು ನರ್ಸ್. ಎಲ್ಲರೂ ಚೆನ್ನಾಗಿ ಬರೆಯುತ್ತಿದ್ದೀರಿ, ಆದರೆ ಯಾರೂ ಬಾಗಿಲಿನ ಬಗ್ಗೆ ಹೇಳುತ್ತಿಲ್ಲ.

ಉರಿಯುವ ದೀಪ, ಬಟ್ಟೆಯ ಅಲಂಕಾರ, ತುಂಬಿದ ಜನ ಎಲ್ಲಾ ಒಟ್ಟಿಗೆ ಸೇರಿದರೆ ಏನಾಗುತ್ತದೆ ಎಂಬುದಕ್ಕೂ ಪ್ಯಾರಿಸ್‌ನದೇ ಉದಾಹರಣೆ ಇದೆ. 1897ರ ಮೇ 4ರಂದು 'ಬಜಾರ್ ದ ಲಾ ಶಾರಿತೆ' ಎಂಬ ದಾನದ ಸಂತೆಯಲ್ಲಿ ಬೆಂಕಿ ಬಿತ್ತು. ಸಿನಿಮಾ ತೋರಿಸುವ ದೀಪಕ್ಕೆ ಈಥರ್ ತುಂಬುವಾಗ ಹೊತ್ತಿಕೊಂಡದ್ದು. ಮರ ಮತ್ತು ಬಟ್ಟೆಯಲ್ಲಿ ಹಳೇ ಬೀದಿಯ ಹಾಗೆ ಅಲಂಕಾರ ಮಾಡಿದ್ದರು. ನೂರಿಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಹೆಂಗಸರು. ಮೇಣದಬತ್ತಿ ಬೇಡ ಅಕ್ಕ, ಬ್ಯಾಟರಿಯದು ಸಾಕು. ಎರಡು ಬಾಗಿಲು ಇರುವ ಕೋಣೆಯನ್ನೇ ಹಿಡಿಯಿರಿ. ಬಾಗಿಲ ಮೇಲಿನ ಹಸಿರು ದೀಪವನ್ನು ಅಂದ ಕೆಡುತ್ತದೆ ಎಂದು ಮುಚ್ಚಬೇಡಿ. ಮಿನುಗುವ ಬೆಳಕು ಹಾಕುವುದಾದರೆ ಮೊದಲೇ ತಿಳಿಸಿ, ಫಿಟ್ಸ್ ಇರುವವರಿಗೆ ಅಪಾಯ.

ಇನ್ನೊಂದು ನನ್ನ ಸ್ವಂತ ಅನುಭವ. ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಪ್ರದರ್ಶನಕ್ಕೆ ಹೋಗಿದ್ದೆ. ಎಲ್ಲಿ ಎಂದು ಹೇಳುವುದಿಲ್ಲ. ನಟರು ಜನರ ನಡುವೆಯೇ ಓಡಾಡುತ್ತಾರೆ ಎಂದಿದ್ದರು. ಕತ್ತಲಲ್ಲಿ ಹಿಂದಿನಿಂದ ಬಂದು ಒಬ್ಬ ನನ್ನ ಕುತ್ತಿಗೆ ಹಿಡಿದ. ಕೆಲಸದ ಜಾಗದಲ್ಲಿ ಒಮ್ಮೆ ರೋಗಿಯೊಬ್ಬರು ಭ್ರಮೆಯಲ್ಲಿ ನನ್ನನ್ನು ಹಾಗೇ ಹಿಡಿದಿದ್ದರು. ಉಸಿರು ಕಟ್ಟಿತು. ಹೊರಗೆ ಓಡಿ ಬಂದು ಮೆಟ್ಟಿಲ ಮೇಲೆ ಅರ್ಧ ಗಂಟೆ ನಡುಗುತ್ತಾ ಕೂತಿದ್ದೆ. ಒಳಗಿದ್ದವರು ಅದನ್ನೂ ನಾಟಕದ ಭಾಗ ಎಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು. ಮುಟ್ಟುವುದಾದರೆ ಕೇಳಿ ಮುಟ್ಟಿ. ಬೇಡ ಎನ್ನುವವರ ಕೈಗೆ ಬಾಗಿಲಲ್ಲೇ ಒಂದು ಬಿಳಿ ರಿಬ್ಬನ್ ಕಟ್ಟಿ.

ಅರಸೀಕೆರೆಯವಳು

ನಿಮಗೆ ಹಾಗಾದದ್ದು ಕೇಳಿ ತುಂಬಾ ನೋವಾಯಿತು. ನಮ್ಮ ಸಂಜೆಯಲ್ಲಿ ಯಾರೂ ಯಾರನ್ನೂ ಮುಟ್ಟುವುದಿಲ್ಲ. ರಿಬ್ಬನ್ನಿನ ಅಗತ್ಯವೇ ಬರಬಾರದು. ಕತ್ತಲಲ್ಲಿ ಕೂರಲು ಆಗದವರಿಗೆ ಬಾಗಿಲ ಹತ್ತಿರ ನಾಲ್ಕು ಕುರ್ಚಿ ಬಿಡುತ್ತೇನೆ.

ಹೊಸಪೇಟೆ ಹೆಬ್ಬಾಗಿಲು

ಓದುತ್ತಾ ಬಂದೆ. ನನ್ನದೊಂದು ನೇರ ಪ್ರಶ್ನೆ. ಇದೆಲ್ಲ ನಮಗೆ ಯಾಕೆ? ಹೊರಗೆ ನಾಲ್ಕೂವರೆ, ಐದಕ್ಕೆಲ್ಲ ಕತ್ತಲಾಗುವ ಊರಿನಲ್ಲಿ, ಊರು ಬಿಟ್ಟು ಬಂದ ಜನರಿಗೆ, ಮತ್ತೆ ಸಾವಿನ ಕವಿತೆ ಓದಿ ಅಳಿಸುವುದಾ? ಹಾಡು, ನಗು, ಹೋಳಿಗೆ ಮಾಡಿ. ಜನಕ್ಕೆ ಬೇಕಾದದ್ದು ಅದು.

ಲೈಪ್‌ಜಿಗ್ ಸೈಕಲ್

ಹೋಳಿಗೆ ಯುಗಾದಿಗೆ ಇದ್ದೇ ಇದೆ ಅಣ್ಣ. ಹೋದ ವರ್ಷ ನಮ್ಮ ತಾತ ಹೋದರು. ವೀಸಾ ನವೀಕರಣದಲ್ಲಿ ಸಿಕ್ಕಿಕೊಂಡು ನನಗೆ ಹೋಗಲು ಆಗಲಿಲ್ಲ. ವಿಡಿಯೋದಲ್ಲಿ ನೋಡಿದೆ. ಮಧ್ಯೆ ಮಧ್ಯೆ ಚಿತ್ರ ನಿಂತು ಹೋಗುತ್ತಿತ್ತು. ಮಾರನೆಯ ದಿನ ಎಂದಿನಂತೆ ಕ್ಲಾಸಿಗೆ ಹೋದೆ. ಇವತ್ತಿನವರೆಗೂ ಅದಕ್ಕೆ ಸರಿಯಾಗಿ ಅತ್ತಿಲ್ಲ. ಅಳಲು ಒಂದು ಜಾಗ ಬೇಕಾಗಿದೆ. ಕತ್ತಲಿದ್ದರೆ ಪಕ್ಕದವರು ನೋಡುವುದೂ ಇಲ್ಲ. ನಾನಂತೂ ಲೈಪ್‌ಜಿಗ್‌ನಿಂದ ರೈಲು ಹತ್ತಿ ಬರುತ್ತೇನೆ.

ಹೊಸಪೇಟೆ ಹೆಬ್ಬಾಗಿಲು

ತಾತನ ವಿಷಯ ಕೇಳಿ ಏನು ಹೇಳಬೇಕೋ ತೋಚುತ್ತಿಲ್ಲ. ನನ್ನ ಮಾತು ಹಿಂದಕ್ಕೆ ತಗೊಂಡೆ ತಮ್ಮ. ಒಂದು ಕೋರಿಕೆ ಮಾತ್ರ ಉಳಿಸಿಕೊಳ್ಳುತ್ತೇನೆ. ನಗುವನ್ನು ಪೂರ್ತಿ ಬಿಡಬೇಡಿ.

ಫ್ರೆಂಚ್ ಮೇಷ್ಟ್ರು

ನಗು ಬೇಕೇ ಬೇಕು. ಕ್ಯಾಬರೆಯಲ್ಲಿ ಅದು ಹೊರಗಿನದಲ್ಲ. ಕಪ್ಪು ಬೆಕ್ಕಿನಲ್ಲಿ ಬಡಿಸುವವರಿಗೆ ಫ್ರೆಂಚ್ ಅಕಾಡೆಮಿಯ ಪಂಡಿತರ ಹಸಿರು ಕೋಟು ತೊಡಿಸಿದ್ದರು. ಸಾಲಿಸ್ ಬಂದವರನ್ನೆಲ್ಲ ಮಹಾಪ್ರಭು ಎಂದು ಕರೆದು ಕೂರಿಸುತ್ತಿದ್ದ. ಮ್ಯೂನಿಕ್‌ನ ತಲೆಕಡುಕರ ಹೆಸರೇ ಸರ್ಕಾರದ ಸೆನ್ಸಾರಿಗೆ ಕೊಟ್ಟ ಪೆಟ್ಟು. 1900ರಲ್ಲಿ ಕಲೆಯ ಮೇಲೆ ಕಡಿವಾಣ ಹಾಕುವ ಕಾನೂನು ಬಂದಿತ್ತು. ಅದಕ್ಕೆ ಸಿಟ್ಟಿಗೆದ್ದವರು ಅವರು. ಅವರ ಜೊತೆ ಗಿಟಾರ್ ಹಿಡಿದು ಹಾಡಿದ ಫ್ರಾಂಕ್ ವೇಡೆಕಿಂಡ್, ಚಕ್ರವರ್ತಿಯ ಮೇಲೆ ಪತ್ರಿಕೆಯಲ್ಲಿ ಕವಿತೆ ಬರೆದು ಅದಾಗಲೇ ಸೆರೆಮನೆಯಿಂದ ಬಂದವನು. ಆಹ್ವಾನಿತರಿಗೆ ಮಾತ್ರ ಎಂದು ಖಾಸಗಿ ಕೂಟದ ಹಾಗೆ ನಡೆಸಿ ಸೆನ್ಸಾರನ್ನು ತಪ್ಪಿಸಿದರು. 1904ರ ಹೊತ್ತಿಗೆ ಅದು ಮುಚ್ಚಿತು. ಆದರೆ ವೇಡೆಕಿಂಡ್‌ನ ಹಾಡಿನ ಧಾಟಿಯನ್ನು ಆಮೇಲೆ ನಾಟಕಕಾರ ಬ್ರೆಕ್ಟ್ ಕೈಗೆತ್ತಿಕೊಂಡ.

ಹಳೇ ಓದುಗ

ತೊಗಲುಗೊಂಬೆಯಲ್ಲೂ ಹಾಗೇ. ಎಷ್ಟೇ ದೊಡ್ಡ ಯುದ್ಧ ನಡೆಯಲಿ, ನಡುವೆ ಕಿಳ್ಳೇಕ್ಯಾತ ಬಂದು ಜನರನ್ನು ನಗಿಸಿ ಹೋಗುತ್ತಾನೆ. ಮಕ್ಕಳು ಕಾಯುವುದೇ ಅವನಿಗೆ. ದುರ್ಯೋಧನನ ನಂತರ ಹೊಸಪೇಟೆಯವರನ್ನೇ ಕರೆಸಿ.

ಹೊಸಪೇಟೆ ಹೆಬ್ಬಾಗಿಲು

ನಾನು ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ ಸರ್. ಕರೆದರೆ ಬರುತ್ತೇನೆ. ನಮ್ಮ ಕಡೆಯ ಲಾವಣಿ ನಾಲ್ಕು ಬರುತ್ತವೆ.

ಅರಸೀಕೆರೆಯವಳು

ಬನ್ನಿ ಅಣ್ಣ, ಖಂಡಿತ ಬನ್ನಿ!

ಎಲ್ಲರಿಗೂ ಒಂದು ವರದಿ. ನಿನ್ನೆ ರಾತ್ರಿ ನಮ್ಮ ಅಡುಗೆಮನೆಯಲ್ಲಿ ಮೊದಲ ಪ್ರಯತ್ನ ಮಾಡಿದೆವು. ಓದಿದ್ದು ನಾನು. ಅರ್ಥ ಹೇಳಿದ್ದು ನಮ್ಮ ಯಜಮಾನರು, ಬಾಗಿಲ ಹಿಂದೆ ನಿಂತು. ಕೇಳಿದವರು ಪಕ್ಕದ ಮನೆಯ ದಾವಣಗೆರೆಯ ದಂಪತಿ ಮತ್ತು ಅವರ ಹದಿನಾಲ್ಕು ವರ್ಷದ ಮಗಳು. ಅವಳು ಇಲ್ಲೇ ಬೆಳೆದವಳು. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಕಂಬ ಅವರು ಹೇಳಿದ ಹಾಗೆ ಬಲ್ಬು, ರಟ್ಟು, ಕಂದು ಕಾಗದ ಎಲ್ಲಾ ಇಟ್ಟೆ. ಹತ್ತು ನಿಮಿಷ ಸುಮ್ನೆ ಕೂತೆವು.

ಹಳೇ ಓದುಗ ಸರ್ ಫೋನಿನಲ್ಲಿ ಮೂರು ಸಂಜೆ ಹೇಳಿಕೊಟ್ಟಿದ್ದರೂ ಮೊದಲ ಪದ್ಯದಲ್ಲಿ ಎರಡು ಕಡೆ ತಪ್ಪಿದೆ. ಕರ್ಣನ ಹೆಣದ ಮುಂದೆ ನಿಲ್ಲುವ ಜಾಗ ಬಂತು. ಅಷ್ಟರಲ್ಲಿ ಫ್ರಿಜ್ ತನ್ನಷ್ಟಕ್ಕೆ ನಿಂತಿತು. ಅದು ಸದ್ದು ಮಾಡುತ್ತಿತ್ತು ಅನ್ನುವುದೇ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಆ ಟ್ರಾಮ್ ಹೆಂಗಸಿನ ಹಾಗೆ ನಾನೂ ಕಾದೆ. ಆಮೇಲೆ ಓದಿದೆ. ಬಾಗಿಲ ಹಿಂದಿನಿಂದ ಅರ್ಥ ಬರಬೇಕಿತ್ತು, ಬರಲಿಲ್ಲ. ಇವರಿಗೆ ಗಂಟಲು ಕಟ್ಟಿತ್ತು. ಆಗ ಆ ಹುಡುಗಿ ಕತ್ತಲಲ್ಲೇ ಕೇಳಿದಳು, "ಆಂಟಿ, ಅವನ ಫ್ರೆಂಡಾ ಅದು?"

ಹೌದು ಪುಟ್ಟಿ ಅಂದೆ.

ಶನಿವಾರ ಸಂಜೆ ಆರಕ್ಕೆ ಮತ್ತೆ ಸೇರುತ್ತೇವೆ. ಅವಳೂ ಓದುತ್ತಾಳಂತೆ. ಪದ್ಯಗಳನ್ನು ರೋಮನ್ ಅಕ್ಷರದಲ್ಲಿ ಬರೆದುಕೊಡು ಎಂದು ಅವರಮ್ಮ ಕೇಳಿದರು. ಅವಳೇ ಬೇಡ ಎಂದಳು, ಕನ್ನಡ ಅಕ್ಷರ ಕಲಿತೇ ಓದುತ್ತಾಳಂತೆ. ಯಾರ ಹತ್ತಿರವಾದರೂ ದೊಡ್ಡ ಅಕ್ಷರದ ಕಾಗುಣಿತ ಪುಸ್ತಕ ಇದ್ದರೆ ತಿಳಿಸಿ, ಡಿಸೆಂಬರ್ ಒಳಗೆ ಬೇಕು.